ಪ್ರದೇಶ, ಸಮಯ ಮತ್ತು ಬಾಗುವ ಆಕಾಶ

ಆರ್‌.ಟಿ. ನಗರದ ಮನೆಯೊಂದರಲ್ಲಿ ನಡೆಯುವ ಸ್ವಾಧ್ಯಾಯದಲ್ಲಿ ಕಳೆದ ವಾರ ತತ್ತ್ವಾರ್ಥಸೂತ್ರದ ಐದನೆಯ ಅಧ್ಯಾಯ ಆರಂಭವಾಯಿತು. ಆಕಾಶ ದ್ರವ್ಯದ ಪ್ರಸ್ತಾಪ ಬಂದಾಗ ಹಿರಿಯರೊಬ್ಬರು, ‘ಐನ್‌ಸ್ಟೈನ್ ಹೇಳಿದ್ದನ್ನೆಲ್ಲ ನಮ್ಮ ಆಚಾರ್ಯರು ಎಂದೋ ಹೇಳಿಬಿಟ್ಟಿದ್ದಾರೆ’ ಎಂದರು. ಭೌತವಿಜ್ಞಾನ ಓದುತ್ತಿರುವ ಅವರ ಮೊಮ್ಮಗಳು ಮೆಲ್ಲನೆ ಕೇಳಿದಳು: ‘ತಾತ, ನಮ್ಮ ಶಾಸ್ತ್ರದಲ್ಲಿ ಆಕಾಶ ನಿಷ್ಕ್ರಿಯ ಅಂತ ಈಗಷ್ಟೇ ಓದಿದ್ರಿ. ಐನ್‌ಸ್ಟೈನರ ಆಕಾಶ ಬಾಗುತ್ತೆ. ಎರಡೂ ಒಂದೇ ಹೇಗಾಗುತ್ತೆ?’ ಸಭೆಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ.

ಆ ಪ್ರಶ್ನೆಯನ್ನು ಅವಿನಯವೆಂದು ತಳ್ಳಿಹಾಕಲು ನನಗೆ ಮನಸ್ಸಾಗಲಿಲ್ಲ.

ಜೈನ ದರ್ಶನದ ಆರು ದ್ರವ್ಯಗಳಲ್ಲಿ ಆಕಾಶವು ಉಳಿದೆಲ್ಲಕ್ಕೂ ಅವಗಾಹ ನೀಡುತ್ತದೆ. ಅಂದರೆ ಇರಲು ಎಡೆ ಕೊಡುತ್ತದೆ. ಅದು ಯಾರನ್ನೂ ತಳ್ಳುವುದಿಲ್ಲ, ಎಳೆಯುವುದಿಲ್ಲ. ಒಂದು ಪರಮಾಣು ವ್ಯಾಪಿಸುವಷ್ಟು ಆಕಾಶಕ್ಕೆ ಪ್ರದೇಶವೆಂದು ಹೆಸರು. ಪರಮಾಣುವು ಮಂದಗತಿಯಿಂದ ಒಂದು ಪ್ರದೇಶದಿಂದ ಪಕ್ಕದ ಪ್ರದೇಶಕ್ಕೆ ಸಾಗಲು ತಗಲುವ ಕಾಲವೇ ‘ಸಮಯ’, ಕಾಲದ ಅತ್ಯಂತ ಸೂಕ್ಷ್ಮ ಅಂಶ. ಕಾಲವನ್ನು ಅಳೆಯಲು ಆಕಾಶದ ತುಣುಕನ್ನೂ ಚಲನೆಯನ್ನೂ ಒಟ್ಟಿಗೆ ಹಿಡಿದ ಈ ಲಕ್ಷಣ ವಿಸ್ಮಯಕರವಾದುದು. ಹಿರಿಯರ ಹೆಮ್ಮೆಗೆ ಕಾರಣವಿಲ್ಲದಿಲ್ಲ.

ಆದರೆ ಅಳತೆಯಲ್ಲಿ ಜೊತೆಗೂಡುವುದು ಬೇರೆ, ಸ್ವರೂಪದಲ್ಲಿ ಒಂದಾಗುವುದು ಬೇರೆ. ನೇಮಿಚಂದ್ರರ ದ್ರವ್ಯಸಂಗ್ರಹವು ಲೋಕಾಕಾಶದ ಒಂದೊಂದು ಪ್ರದೇಶದಲ್ಲೂ ಒಂದೊಂದು ಕಾಲಾಣು ರತ್ನರಾಶಿಯಂತೆ ಇದೆ ಎನ್ನುತ್ತದೆ. ರಾಶಿಯಲ್ಲಿದ್ದರೂ ರತ್ನಗಳು ಒಂದರೊಳಗೊಂದು ಬೆರೆಯುವುದಿಲ್ಲ. ಆದ್ದರಿಂದಲೇ ಕಾಲವನ್ನು ಪಂಚಾಸ್ತಿಕಾಯಗಳಲ್ಲಿ ಸೇರಿಸಿಲ್ಲ. ಕಾಲವು ಸ್ವತಂತ್ರ ದ್ರವ್ಯವೇ ಎಂಬುದರಲ್ಲಿಯೂ ಭಿನ್ನಮತವಿತ್ತು. ಶ್ವೇತಾಂಬರ ಪಾಠದ ತತ್ತ್ವಾರ್ಥಸೂತ್ರವು ಅದನ್ನು ‘ಕೆಲವರ ಮತ’ವೆಂದಷ್ಟೇ ಉಲ್ಲೇಖಿಸುತ್ತದೆ. ಆಚಾರ್ಯರು ತಮ್ಮೊಳಗೇ ಇಷ್ಟು ಮುಕ್ತವಾಗಿ ಚರ್ಚಿಸಿದ ವಿಷಯವನ್ನು ನಾವು ಒಂದು ಘೋಷವಾಕ್ಯವಾಗಿ ಇಳಿಸುವುದು ಅವರಿಗೆ ತೋರುವ ಗೌರವವೇನೂ ಅಲ್ಲ.

ಇನ್ನು ವಿಜ್ಞಾನದ ಮಾತು. ಯಶವಂತಪುರ ನಿಲ್ದಾಣದ ಪ್ಲಾಟ್‌ಫಾರಂನ ಎರಡು ತುದಿಗಳಿಗೆ ಸಿಡಿಲು ಬಡಿಯಿತೆಂದು ಭಾವಿಸೋಣ. ನಡುವೆ ನಿಂತವನಿಗೆ ಅವೆರಡೂ ಏಕಕಾಲದವು. ನಿಲ್ಲದೆ ಸಾಗುತ್ತಿರುವ ರೈಲಿನ ಪ್ರಯಾಣಿಕನ ಲೆಕ್ಕದಲ್ಲಿ ಮುಂದಿನ ತುದಿಯ ಸಿಡಿಲು ಮೊದಲಿನದು. ರೈಲಿನ ವೇಗಕ್ಕೆ ಈ ಅಂತರ ಅತ್ಯಲ್ಪ. ಆದರೂ ಅದು ಭ್ರಮೆಯಲ್ಲ, ಇಬ್ಬರ ಲೆಕ್ಕವೂ ಸರಿ. 1905ರಲ್ಲಿ ಐನ್‌ಸ್ಟೈನ್ ಕಂಡ ಈ ಸತ್ಯದಿಂದ, 1908ರಲ್ಲಿ ಅವರ ಗುರುಗಳಲ್ಲೊಬ್ಬರಾದ ಮಿಂಕೋವ್‌ಸ್ಕಿ ಆಕಾಶವೂ ಕಾಲವೂ ಬೇರೆಬೇರೆಯಲ್ಲ, ದೇಶಕಾಲವೆಂಬ ಒಂದೇ ವಸ್ತುವಿನ ಮುಖಗಳೆಂದು ನಿರೂಪಿಸಿದರು. 1915ರಲ್ಲಿ ಐನ್‌ಸ್ಟೈನ್ ಇನ್ನೂ ಮುಂದೆ ಹೋಗಿ, ದ್ರವ್ಯರಾಶಿಯಿಂದ ದೇಶಕಾಲವೇ ಬಾಗುತ್ತದೆ, ಆ ಬಾಗುವಿಕೆಯೇ ಗುರುತ್ವ ಎಂದರು. ಜಿಪಿಎಸ್ ಉಪಗ್ರಹದ ಗಡಿಯಾರ ದಿನವೊಂದಕ್ಕೆ ಸುಮಾರು 38 ಮೈಕ್ರೋಸೆಕೆಂಡ್ ಮುಂದೆ ಓಡುವುದು ಇದರಿಂದಲೇ. ಅದನ್ನು ಸರಿಪಡಿಸದಿದ್ದರೆ ಒಂದೇ ದಿನದಲ್ಲಿ ಹತ್ತು ಕಿ.ಮೀ.ಗೂ ಹೆಚ್ಚಿನ ತಪ್ಪು ಸೇರಿ, ಯಲಹಂಕದ ಮನೆ ಹೆಬ್ಬಾಳದಾಚೆ ಕಂಡೀತು.

ಈ ಶೋಧದ ಒಂದು ಎಳೆ ನಮ್ಮ ಊರಿನದೇ. ಬೆಂಗಳೂರಿನಲ್ಲಿ 1938ರಲ್ಲಿ ಹುಟ್ಟಿದ ಸಿ.ವಿ. ವಿಶ್ವೇಶ್ವರ, ಕದಡಿದ ಕಪ್ಪುಕುಳಿಯು ಬಾರಿಸಿದ ಗಂಟೆಯ ನಾದದಂತೆ ಕಂಪಿಸಿ ಕ್ರಮೇಣ ಶಾಂತವಾಗುತ್ತದೆ ಎಂದು 1970ರಲ್ಲಿ ಗಣಿತದಿಂದ ತೋರಿಸಿದರು. ಮುಂದೆ ಅವರು ಮೇಖ್ರಿ ವೃತ್ತದ ಸಮೀಪದ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ದುಡಿದರು. 2015ರ ಸೆಪ್ಟೆಂಬರ್ 14ರಂದು ಅಮೆರಿಕದ ಲೈಗೊ ಉಪಕರಣಗಳು, ನೂರು ಕೋಟಿ ವರ್ಷಗಳಿಗೂ ಹಿಂದೆ ಎರಡು ಕಪ್ಪುಕುಳಿಗಳು ಒಂದಾದಾಗ ಎದ್ದ ಅಲೆಯನ್ನು ಗುರುತಿಸಿದವು. ನಾಲ್ಕು ಕಿ.ಮೀ. ಉದ್ದದ ಅದರ ತೋಳುಗಳಲ್ಲಿ ಆದ ಬದಲಾವಣೆ ಪ್ರೋಟಾನಿನ ವ್ಯಾಸದ ನೂರರಲ್ಲೊಂದು ಪಾಲಿನಷ್ಟೂ ಇರಲಿಲ್ಲ. ಆ ಶೋಧದಲ್ಲಿ ಭಾಗಿಗಳಾದವರಲ್ಲಿ ಹೆಸರಘಟ್ಟ ಹೋಬಳಿಯ ಶಿವಕೋಟೆಯಲ್ಲಿರುವ ಅಂತರರಾಷ್ಟ್ರೀಯ ಸೈದ್ಧಾಂತಿಕ ವಿಜ್ಞಾನ ಕೇಂದ್ರದವರೂ ಇದ್ದರು. ಆ ವಾರ್ತೆಯನ್ನು ಕೇಳಲು ವಿಶ್ವೇಶ್ವರ ಇದ್ದರು. ಅವರು ತೀರಿಕೊಂಡದ್ದು 2017ರ ಜನವರಿಯಲ್ಲಿ.

ಹಾಗಾದರೆ ಮೊಮ್ಮಗಳ ಮಾತು ಸರಿಯೇ? ಸರಿ. ನಿಷ್ಕ್ರಿಯವಾದ ಆಕಾಶವೂ ಕಂಪಿಸುವ ದೇಶಕಾಲವೂ ಒಂದೇ ಅಲ್ಲ. ಮತ್ತೊಂದು ಅಂತರವೂ ಇದೆ. ಸಮಯದ ಲಕ್ಷಣದಲ್ಲಿ ‘ಮಂದಗತಿ’ ಎಂದೇ ಏಕೆ ಹೇಳಿದರು? ತೀವ್ರಗತಿಯ ಪರಮಾಣು ಒಂದೇ ಸಮಯದಲ್ಲಿ ಹದಿನಾಲ್ಕು ರಜ್ಜುಗಳ ಲೋಕವನ್ನೇ ದಾಟಬಲ್ಲದೆಂದು ಶಾಸ್ತ್ರ ಹೇಳುತ್ತದೆ. ಬೆಳಕನ್ನು ಮೀರಿದ ವೇಗವಿಲ್ಲವೆಂಬುದು ಐನ್‌ಸ್ಟೈನರ ಸಿದ್ಧಾಂತ. ಇವೆರಡನ್ನು ಬಲವಂತದಿಂದ ಹೊಂದಿಸಹೊರಟರೆ ಶಾಸ್ತ್ರಕ್ಕೂ ವಿಜ್ಞಾನಕ್ಕೂ ಅನ್ಯಾಯ. ಸತ್ಯವ್ರತಕ್ಕೂ ಅನ್ಯಾಯವೇ, ಧರ್ಮಾಭಿಮಾನದಿಂದ ಆಡಿದ ಅಸತ್ಯಕ್ಕೆ ಅಣುವ್ರತದಲ್ಲಿ ವಿನಾಯಿತಿ ಇಲ್ಲ.

ಸ್ಯಾದ್ವಾದವೇ ಸಾಪೇಕ್ಷತಾ ಸಿದ್ಧಾಂತ ಎನ್ನುವುದೂ ಅವಸರದ ಮಾತು. ಆದರೂ ಒಂದು ನಿಜವಾದ ಸಾಮೀಪ್ಯವನ್ನು ಮರೆಯಬಾರದು. ಯಾವ ವಸ್ತುವಿನ ಬಗ್ಗೆಯೂ ದ್ರವ್ಯ, ಕ್ಷೇತ್ರ, ಕಾಲ, ಭಾವಗಳ ಅಪೇಕ್ಷೆಯಿಲ್ಲದೆ ‘ಇದೆ’ ಎನ್ನಲಾಗದೆಂದು ಜೈನ ತರ್ಕ ಹೇಳುತ್ತದೆ. ಮಡಕೆ ಇದೆ, ಮಣ್ಣಿನದಾಗಿ, ಇಲ್ಲಿ, ಈಗ, ಈ ಬಣ್ಣದಲ್ಲಿ. ಭೌತವಿಜ್ಞಾನಿಯೂ ಘಟನೆಯೊಂದನ್ನು ಎಲ್ಲಿ, ಯಾವಾಗ ಎರಡನ್ನೂ ಕೂಡಿಸಿಯೇ ಗುರುತಿಸುತ್ತಾನೆ. ಸಾಪೇಕ್ಷವೆಂದರೆ ಮನಬಂದಂತೆ ಎಂದೂ ಅಲ್ಲ. ಪ್ಲಾಟ್‌ಫಾರಂನವನೂ ಪ್ರಯಾಣಿಕನೂ ಕಾಲದಲ್ಲಿ ಭಿನ್ನರು, ದೂರದಲ್ಲಿ ಭಿನ್ನರು. ಆದರೆ ಎರಡನ್ನೂ ಕೂಡಿಸಿ ಲೆಕ್ಕ ಹಾಕಿದ ದೇಶಕಾಲದ ಅಂತರ ಇಬ್ಬರಿಗೂ ಒಂದೇ. ನಯಗಳು ಹಲವಾದರೂ ವಸ್ತು ಅವುಗಳಿಂದ ಚೂರಾಗದೆಂಬುದನ್ನು ಅನೇಕಾಂತ ಓದಿದವರು ಬಲ್ಲರು.

ಸ್ವಾಧ್ಯಾಯ ಮುಗಿದ ಮೇಲೆ ಹಿರಿಯರು ಮೊಮ್ಮಗಳನ್ನು ಕರೆದು, ಆ ರೈಲಿನ ಚಿತ್ರವನ್ನು ತಮ್ಮ ಪುಸ್ತಕದ ಅಂಚಿನಲ್ಲಿ ಬರೆಸಿಕೊಂಡರು. ಈ ವಾರ ಕಾಲದ ಉಪಕಾರವನ್ನು ಹೇಳುವ ಇಪ್ಪತ್ತೆರಡನೆಯ ಸೂತ್ರ. ಓದುವ ಸರದಿ ಅವಳದು.