ಎರೆ ನೆಲದ ಮಕ್ಕಳಿಗೆ ಮೀನಿನ ಪದವಿ

ಸೊಲ್ಲಾಪುರ ಜಿಲ್ಲೆ ಅಕ್ಕಲಕೋಟ ತಾಲೂಕಿನ ವಾಗದರಿಯಲ್ಲಿ ಹನ್ನೆರಡನೆಯ ಸೈನ್ಸ್ ಮುಗಿಸಿದ ಹುಡುಗ ಮೀನುಗಾರಿಕೆ ಓದುತ್ತೇನೆಂದರೆ, 'ಇಲ್ಲಿ ಸಮುದ್ರ ಎಲ್ಲೈತೋ ಮಾರಾಯಾ?' ಎಂಬ ಮಾತು ಮನೆಯಲ್ಲೇ ಹುಟ್ಟುತ್ತದೆ. ಕಡಲಿಗೆ ಇಲ್ಲಿಂದ ಮುನ್ನೂರು ಕಿಲೋಮೀಟರಿಗೂ ಹೆಚ್ಚಿನ ದಾರಿ. ಆದರೆ ದೇಶದಲ್ಲಿ ಸಿಗುವ ಮೀನಿನಲ್ಲಿ ಸುಮಾರು ಮುಕ್ಕಾಲು ಪಾಲು ಈಗ ಒಳನಾಡಿನ ನೀರಿನದು. ಬೋರಿ ನದಿಗೆ ಕಟ್ಟಿದ ಕುರನೂರು ಅಣೆಕಟ್ಟು ಇದೇ ತಾಲೂಕಿನಲ್ಲಿದೆ, ಭೀಮೆಯ ಉಜನಿ ಇದೇ ಜಿಲ್ಲೆಯಲ್ಲಿದೆ. ದ್ರಾಕ್ಷಿ ತೋಟಗಳ ಪಕ್ಕದಲ್ಲಿ ಪ್ಲಾಸ್ಟಿಕ್ ಹಾಸಿದ ಶೇತತಳೆಗಳು, ಅಂದರೆ ಕೃಷಿಹೊಂಡಗಳಂತೂ ಜಿಲ್ಲೆಯ ತುಂಬ ಕಾಣುತ್ತವೆ. ನೀರಿದೆ, ಅದನ್ನು ಮೀನಿನ ಕಣ್ಣಿನಿಂದ ನೋಡಬಲ್ಲವರು ಕಡಿಮೆ.

ಪದವಿಯ ಹೆಸರು ಬಿ.ಎಫ್.ಎಸ್ಸಿ., ನಾಲ್ಕು ವರ್ಷದ್ದು. ಗಡಿಯ ಊರಾದ್ದರಿಂದ ವಾಗದರಿಗೆ ಎರಡು ಬಾಗಿಲು ತೆರೆದಿವೆ. ಮಹಾರಾಷ್ಟ್ರದ ಕಡೆ ಲಾತೂರ ಜಿಲ್ಲೆಯ ಉದಗೀರದಲ್ಲಿ ಕಾಲೇಜಿದೆ. ರತ್ನಾಗಿರಿಯಲ್ಲೂ ಒಂದಿದೆ, ಅದು ಕಡಲ ತಡಿಯದು. ಕರ್ನಾಟಕದ ಕಡೆ ಮಂಗಳೂರಿನ ಮೀನುಗಾರಿಕಾ ಕಾಲೇಜು. 1969ರಲ್ಲಿ ಶುರುವಾದ ಇದು ದೇಶದ ಮೊಟ್ಟಮೊದಲ ಮೀನುಗಾರಿಕಾ ಕಾಲೇಜು. ಈಗ ಬೀದರಿನ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯದ ಕೆಳಗಿದೆ. ಅಲ್ಲಿಗೆ ಹೋಗಲು ಕರ್ನಾಟಕದ ಸಿಇಟಿ ಬರೆಯಬೇಕು. ಪರೀಕ್ಷಾ ಪ್ರಾಧಿಕಾರದ ನಿಯಮಗಳಲ್ಲಿ ಗಡಿನಾಡ ಕನ್ನಡಿಗರಿಗೆಂದೇ ಒಂದು ಕಲಮು ಇದೆ, ಅದರಲ್ಲಿ ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ, ಜತ್ತ, ಗಡಹಿಂಗ್ಲಜ ತಾಲೂಕುಗಳ ಹೆಸರೇ ನಮೂದಾಗಿದೆ. ತಾಯಿನುಡಿ ಕನ್ನಡವಾಗಿದ್ದು, ಇಲ್ಲಿಯ ಶಾಲೆಗಳಲ್ಲಿ ಇಂತಿಷ್ಟು ವರ್ಷ ಓದಿದ ದಾಖಲೆಯಿದ್ದು, ಕನ್ನಡ ಭಾಷೆಯ ಒಂದು ಸಣ್ಣ ಪರೀಕ್ಷೆ ಪಾಸಾದರೆ ಸಾಕು. ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಯಲ್ಲಿ ಓದಿದವರಿಗೆ ಅದೇನೂ ಭಾರವಲ್ಲ. ಈ ಬಾಗಿಲಿನ ಸುದ್ದಿ ಇನ್ನಷ್ಟು ಮನೆಗಳಿಗೆ ಮುಟ್ಟಬೇಕು.

ಮೀನು ಒಲೆಗೆ ಏರದ ಮನೆಗಳು ಈ ಭಾಗದಲ್ಲಿ ಬಹಳ. ಸೀಟು ಹಂಚುವವರು ಅದನ್ನೇನೂ ಕೇಳುವುದಿಲ್ಲ. ಪ್ರಾಕ್ಟಿಕಲ್ಲಿನಲ್ಲಿ ಮಾತ್ರ ಮೀನು ಸೀಳಲೇಬೇಕು, ಅಷ್ಟಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡಿರಬೇಕು.

ಓದಿನಲ್ಲಿ ಏನೇನಿದೆ ಎಂದು ಪಟ್ಟಿ ಕೊಡುವುದಕ್ಕಿಂತ ಒಂದು ಸಂಜೆಯ ಕೆಲಸ ಹೇಳುತ್ತೇನೆ. ಕಾಟ್ಲಾ, ರೋಹು, ಮೃಗಾಲ್ ಮೀನುಗಳು ಕೆರೆಯಲ್ಲಿ ಬಲಿಯುತ್ತವೆ, ಆದರೆ ನಿಂತ ನೀರಿನಲ್ಲಿ ಮೊಟ್ಟೆ ಇಡುವುದಿಲ್ಲ. ಅವಕ್ಕೆ ಮಳೆಗಾಲದ ಹೊಳೆಯ ಪ್ರವಾಹ ಬೇಕು. 1957ರ ಜುಲೈ 10ರಂದು ಒಡಿಶಾದ ಅಂಗುಲಿನಲ್ಲಿ ವಿಜ್ಞಾನಿಗಳಾದ ಹೀರಾಲಾಲ್ ಚೌಧುರಿ ಮತ್ತು ಕೆ.ಎಚ್. ಆಲಿಕುಂಞಿ ಮೀನಿನ ಪಿಟ್ಯುಟರಿ ಗ್ರಂಥಿಯ ರಸ ಚುಚ್ಚಿ ಈ ಹಟ ಮುರಿದರು. ಈಗ ಸಿದ್ಧ ಹಾರ್ಮೋನ್ ಸಿಗುತ್ತದೆ. ಮುಂಗಾರಿನ ಒಂದು ಸಂಜೆ ವಿದ್ಯಾರ್ಥಿ ಒದ್ದೆ ಬಟ್ಟೆಯಲ್ಲಿ ಸುತ್ತಿದ ಮೀನನ್ನು ಸ್ಪಂಜಿನ ಮೇಲೆ ಮಲಗಿಸಿ ಎದೆಯ ಈಜುರೆಕ್ಕೆ ಸವರುತ್ತಾನೆ. ಒರಟಾಗಿದ್ದರೆ ಗಂಡು, ನುಣುಪಾಗಿದ್ದು ಹೊಟ್ಟೆ ಮೆತ್ತಗೆ ಉಬ್ಬಿದ್ದರೆ ಹೆಣ್ಣು. ತೂಕ ನೋಡಿ, ಹೆಣ್ಣಿಗೆ ಹೆಚ್ಚು, ಗಂಡಿಗೆ ಕಡಿಮೆ ಪ್ರಮಾಣದಲ್ಲಿ ಚುಚ್ಚಿ, ನೀರು ಸುತ್ತುವ ದುಂಡು ತೊಟ್ಟಿಗೆ ಬಿಡುತ್ತಾನೆ. ನಸುಕಿನ ಹೊತ್ತಿಗೆ ತೊಟ್ಟಿಯ ತುಂಬ ಮೊಟ್ಟೆ. ಮರುದಿನದೊಳಗೆ ಮರಿ.

ಶೇತತಳೆಯ ಮೀನಿನ ಕಷ್ಟ ಬೇರೆ. ಪ್ಲಾಸ್ಟಿಕ್ ಹಾಸಿಗೆಯಿಂದಾಗಿ ನೀರಿಗೆ ಮಣ್ಣಿನ ಸತ್ವ ಇಳಿಯುವುದಿಲ್ಲ, ಮೀನಿಗೆ ಆಹಾರವಾಗುವ ಸೂಕ್ಷ್ಮಜೀವಿಗಳು ಸರಿಯಾಗಿ ಬೆಳೆಯುವುದಿಲ್ಲ. ಗೊಬ್ಬರವನ್ನು ಅಳತೆಯಲ್ಲಿ ಕೊಡಬೇಕು, ಶೇಂಗಾ ಹಿಂಡಿ ಮತ್ತು ಅಕ್ಕಿ ತೌಡು ಹಾಕಬೇಕು. ಆಕಾಶ ಮುಚ್ಚಿದ ದಿನದ ಮರುನಸುಕಿಗೆ ಪ್ರಾಣವಾಯು ಇಳಿದು ಮೀನು ಮೇಲೆ ಬಂದು ಬಾಯಿ ಬಿಡುತ್ತವೆ. ಆಗ ತೋಟದ ಪಂಪನ್ನೇ ಚಾಲೂ ಮಾಡಿ ಅದೇ ನೀರನ್ನು ಮತ್ತೆ ತಳೆಗೆ ಚಿಮ್ಮಿಸಿದರೆ ಬದುಕುತ್ತವೆ. ಬೇಸಿಗೆಯಲ್ಲಿ ನೀರು ದ್ರಾಕ್ಷಿಗೆ ಹೋಗುತ್ತದೆ, ಹೋಗಲೂ ಬೇಕು. ಹಾಗಾಗಿ ಸಣ್ಣ ಮರಿಗಳ ಬದಲು, ದಟ್ಟವಾಗಿ ಬಿಟ್ಟು ಅರೆಹೊಟ್ಟೆಯಲ್ಲಿ ಒಂದು ವರ್ಷ ಸಾಕಿದ ಮರಿ ಬಿಡುವುದು ಜಾಣತನ. ಜಾಗ ಮತ್ತು ಮೇವು ಸಿಕ್ಕೊಡನೆ ಅವು ದಡದಡನೆ ಬೆಳೆಯುತ್ತವೆ, ನೀರು ತಳ ಕಾಣುವ ಮೊದಲೇ ಮಾರಾಟಕ್ಕೆ ಬರುತ್ತವೆ. ನನ್ನನ್ನು ಕೇಳಿದರೆ ಇಲ್ಲಿ ಮೀನು ಉಪಬೆಳೆಯಾಗಿಯೇ ಇರಲಿ. ಅದೊಂದನ್ನೇ ನಂಬಿ ಸಾಲ ಎತ್ತುವುದು ಬೇಡ.

ನೌಕರಿ ಹುಡುಕುವವರಿಗೆ ಎರಡೂ ರಾಜ್ಯಗಳ ಮೀನುಗಾರಿಕೆ ಇಲಾಖೆ, ಬ್ಯಾಂಕುಗಳ ಕೃಷಿ ಅಧಿಕಾರಿ ಹುದ್ದೆ, ಮೀನುಮರಿ ಕೇಂದ್ರ, ಮೇವಿನ ಕಂಪನಿಗಳಿವೆ. ಮುಂದೆ ಓದುವವರಿಗೆ 1961ರಲ್ಲಿ ಸ್ಥಾಪನೆಯಾದ ಮುಂಬೈಯ ಕೇಂದ್ರೀಯ ಮೀನುಗಾರಿಕಾ ಶಿಕ್ಷಣ ಸಂಸ್ಥೆ ಇದೆ. ಇಲಾಖೆಯ ಹುದ್ದೆಗಳು ವರ್ಷವರ್ಷ ಕರೆಯುವಂಥವಲ್ಲ, ಅದನ್ನೇ ಕಾಯುತ್ತ ಕೂತರೆ ವಯಸ್ಸು ಹೋಗುತ್ತದೆ.

ಊರಲ್ಲೇ ಉಳಿಯುವವರಿಗೂ ಕೆಲಸವಿದೆ. ಮಹಾರಾಷ್ಟ್ರದ ಜಲಾಶಯಗಳ ಮೀನಿನ ಹಕ್ಕು ಸಾಮಾನ್ಯವಾಗಿ ಮೀನುಗಾರರ ಸಹಕಾರಿ ಸಂಘಗಳಿಗೆ ಗುತ್ತಿಗೆ ಹೋಗುತ್ತದೆ. ಬಲೆಯ ವಿದ್ಯೆಯನ್ನು ಸಂಘದವರಿಗೆ ಯಾರೂ ಕಲಿಸಬೇಕಾಗಿಲ್ಲ. ಎಷ್ಟು ಮರಿ ಬಿಡಬೇಕು, ಎಷ್ಟು ಉಳಿದವು ಎಂಬ ಲೆಕ್ಕ ಇಡುವವರು ಬೇಕು. 2020ರ ಪ್ರಧಾನಮಂತ್ರಿ ಮತ್ಸ್ಯ ಸಂಪದಾ ಯೋಜನೆಯಲ್ಲಿ ಸಾಮಾನ್ಯ ವರ್ಗಕ್ಕೆ ಶೇ 40, ಮಹಿಳೆಯರಿಗೆ ಮತ್ತು ಪರಿಶಿಷ್ಟರಿಗೆ ಶೇ 60 ಸಹಾಯಧನ. ಅದಕ್ಕೆ ಯೋಜನಾ ವರದಿ ಬರೆಯುವವರು ಬೇಕು. ವರದಿ ಸೊಲ್ಲಾಪುರದ ಕಚೇರಿಗೆ ಮರಾಠಿಯಲ್ಲಿ ಹೋಗಬೇಕು, ತಳೆಯ ದಂಡೆಯ ಮೇಲೆ ರೈತನಿಗೆ ಕನ್ನಡದಲ್ಲಿ ತಿಳಿಯಬೇಕು. ಎರಡೂ ಭಾಷೆಯಲ್ಲಿ ಬೆಳೆದ ವಾಗದರಿಯ ಹುಡುಗ ಹುಡುಗಿಯರಿಗೆ ಇದು ಕೈಗೆಟುಕುವ ಕೆಲಸ.