ಧಮನಿಗಳ ಮುಪ್ಪು ಮತ್ತು ನಮ್ಮ ಮಿದುಳು

ಮಣಿಕಟ್ಟಿನ ಮೇಲೆ ಬೆರಳಿಟ್ಟಾಗ ತಾಕುವ ನಾಡಿಯನ್ನು ರಕ್ತದ ಓಟವೆಂದೇ ನಾವು ಸಾಮಾನ್ಯವಾಗಿ ತಿಳಿಯುತ್ತೇವೆ. ವಾಸ್ತವವಾಗಿ ಹೃದಯವು ಕುಗ್ಗಿದೊಡನೆ ಧಮನಿಯ ಗೋಡೆಯಲ್ಲಿ ಒಂದು ಅಲೆಯೇಳುತ್ತದೆ. ಅದು ರಕ್ತವನ್ನು ಬಹುದೂರ ಹಿಂದೆ ಬಿಟ್ಟು ಓಡಿ ಬಂದು ನಮ್ಮ ಬೆರಳನ್ನು ಮುಟ್ಟುತ್ತದೆ. ಯೌವನದಲ್ಲಿ ಮಹಾಧಮನಿಯೊಳಗೆ ಈ ಅಲೆಯ ವೇಗ ಸೆಕೆಂಡಿಗೆ ಸುಮಾರು 5 ಮೀಟರು. ಇಳಿವಯಸ್ಸಿನಲ್ಲಿ 10 ಮೀಟರು, ಕೆಲವರಲ್ಲಿ ಅದಕ್ಕೂ ಮಿಗಿಲು. ವೃದ್ಧಾಪ್ಯದಲ್ಲಿ ಸಕಲವೂ ನಿಧಾನವಾಗುವುದೆಂಬ ನಮ್ಮ ಎಣಿಕೆಗೆ ಇದೊಂದು ಅಪವಾದ. ಆದರೆ ಸಂತೋಷಪಡತಕ್ಕ ಅಪವಾದವಲ್ಲ. ಗೋಡೆ ಗಡುಸಾದಷ್ಟೂ ಅಲೆ ಬೇಗ ಓಡುತ್ತದೆ.

ರಕ್ತದ ಒತ್ತಡವನ್ನು ಅಳೆದು ಮೊದಲು ಪ್ರಕಟಿಸಿದವನು ಇಂಗ್ಲೆಂಡಿನ ಸ್ಟೀಫನ್ ಹೇಲ್ಸ್ ಎಂಬ ಒಬ್ಬ ಪಾದ್ರಿ. ಕುದುರೆಯ ಧಮನಿಗೆ ಆತನು ಎತ್ತರವಾದ ಗಾಜಿನ ಕೊಳವೆಯನ್ನು ಜೋಡಿಸಿದಾಗ ರಕ್ತವು 8 ಅಡಿ 3 ಅಂಗುಲದವರೆಗೆ ಏರಿ, ಪ್ರತಿಯೊಂದು ಮಿಡಿತಕ್ಕೂ ಮೇಲೆ ಕೆಳಗೆ ಆಡಿತೆಂದು 1733ರ ಅವನ ಗ್ರಂಥದಲ್ಲಿದೆ. ಹೃದಯವು ಬಿಟ್ಟು ಬಿಟ್ಟು ತಳ್ಳಿದರೂ ರಕ್ತವು ಎಡೆಬಿಡದೆ ಹರಿಯುವುದು ಹೇಗೆ? ಬೆಂಕಿಯಾರಿಸುವ ಯಂತ್ರದ ವಾಯುಗೋಳವನ್ನು ಹೇಲ್ಸ್ ಉಪಮಾನವಾಗಿ ತಂದನು. ಹಿಡಿಯನ್ನು ಒತ್ತಿದಾಗ ಗೋಳದೊಳಗಿನ ಗಾಳಿ ಕುಗ್ಗುತ್ತದೆ. ಕೈ ತಡೆದಾಗ ಅದೇ ಗಾಳಿ ಹಿಗ್ಗಿ ನೀರನ್ನು ಮುಂದಕ್ಕೆ ನೂಕುತ್ತದೆ. ಮಹಾಧಮನಿಯೂ ಹಾಗೆಯೇ ಹೃದಯದ ಹೊಡೆತವನ್ನು ತನ್ನಲ್ಲಿ ಅಡಗಿಸಿಕೊಂಡು, ಹೃದಯ ವಿಶ್ರಮಿಸುವಾಗ ಅದನ್ನು ಹಿಂದಿರುಗಿಸುತ್ತದೆ.

ಈ ಹಿಗ್ಗು ಕುಗ್ಗಿಗೆ ಆಧಾರ ಎಲಾಸ್ಟಿನ್ ಎಂಬ ನಾರು. ಗರ್ಭದಲ್ಲಿಯೂ ಬಾಲ್ಯದಲ್ಲಿಯೂ ನೇಯ್ದ ಈ ನಾರನ್ನು ದೇಹವು ಮುಂದೆ ಹೊಸದಾಗಿ ನೇಯುವುದು ಅತ್ಯಲ್ಪ. ನಿಮಿಷಕ್ಕೆ 70 ಮಿಡಿತದಂತೆ ಲೆಕ್ಕವಿಟ್ಟರೆ ಅರುವತ್ತು ವರ್ಷಗಳಲ್ಲಿ ಅದು 220 ಕೋಟಿ ಸಲ ಎಳೆಯಲ್ಪಟ್ಟಿರುತ್ತದೆ. ಅಷ್ಟು ಸಲ ಎಳೆದ ರಬ್ಬರನ್ನು ಯಾವ ಅಂಗಡಿಯವನೂ ಹಿಂದಕ್ಕೆ ತೆಗೆದುಕೊಳ್ಳಲಾರನು! ನಾರು ಹರಿದಂತೆಲ್ಲ ಗಡುಸಾದ ಕೊಲಾಜೆನ್ ಭಾರವನ್ನು ಹೊರುತ್ತದೆ. ಸುಣ್ಣದ ಅಂಶವೂ ಸೇರುತ್ತದೆ. ಆದುದರಿಂದಲೇ ಐವತ್ತು ಅರುವತ್ತರ ಮೇಲೆ ಒತ್ತಡದ ಮೇಲಿನ ಅಂಕೆ ಏರುತ್ತ, ಕೆಳಗಿನದು ಇಳಿಯುತ್ತ ಹೋಗುವುದನ್ನು ಅನೇಕರಲ್ಲಿ ಕಾಣುತ್ತೇವೆ.

ಇದರಿಂದ ಮಿದುಳಿಗೆ ಏನು? ದೇಹದ ತೂಕದಲ್ಲಿ ನೂರಕ್ಕೆ ಎರಡು ಪಾಲಿರುವ ಮಿದುಳು ಆಮ್ಲಜನಕದ ಐದನೆಯ ಒಂದು ಪಾಲನ್ನು ಬೇಡುತ್ತದೆ. ಇಷ್ಟೊಂದು ರಕ್ತ ಸದಾ ಬರಬೇಕಾದರೆ ಬಾಗಿಲು ತೆರೆದೇ ಇರಬೇಕು. ತೆರೆದ ಬಾಗಿಲಿನಿಂದ ರಕ್ತದೊಡನೆ ಹೊಡೆತವೂ ಒಳಗೆ ಬರುತ್ತದೆ. ಯೌವನದಲ್ಲಿ ಮೆತುವಾದ ಮಹಾಧಮನಿಯಿಂದ ಗಡುಸಾದ ಕತ್ತಿನ ಧಮನಿಗೆ ದಾಟುವಲ್ಲಿ ಅಲೆಯ ಒಂದಂಶ ಹಿಂದಕ್ಕೆ ತಿರುಗುತ್ತದೆ. ಮುಪ್ಪಿನಲ್ಲಿ ಎರಡೂ ಒಂದೇ ಸಮನಾಗಿ ಬಿರುಸಾಗುವುದರಿಂದ ಈ ತಡೆ ಇಲ್ಲವಾಗುತ್ತದೆ. ಪೆಟ್ಟು ತಾಗುವುದು ಮಿದುಳಿನ ಒಳಭಾಗದ ಬಿಳಿಯ ದ್ರವ್ಯಕ್ಕೆ ಇಳಿಯುವ ಕೂದಲಿನಂಥ ನಾಳಗಳಿಗೆ. ಅವುಗಳ ಗೋಡೆ ದಪ್ಪವಾಗಿ, ದಾರಿ ಕಿರಿದಾಗಿ, ಅಲ್ಲಲ್ಲಿ ಸಣ್ಣ ಸಣ್ಣ ಕುಳಿಗಳು ಬೀಳುತ್ತವೆ. ನೋವಿಲ್ಲ, ಮಾತು ನಿಲ್ಲುವುದಿಲ್ಲ. ನಡಿಗೆ ನಿಧಾನವಾಗುತ್ತದೆ, ಲೆಕ್ಕಪತ್ರ ಮುಗಿಯುವುದು ತಡವಾಗುತ್ತದೆ. ಮನೆಯವರು ವಯಸ್ಸಾಯಿತೆಂದು ಸುಮ್ಮನಾಗುತ್ತಾರೆ.

ಅಧಿಕವಾದ ಒತ್ತಡವು ಈ ಮುಪ್ಪನ್ನು ಹಲವು ವರ್ಷ ಮುಂಚಿತವಾಗಿ ತರಬಲ್ಲುದು, ನಾಳವನ್ನು ಒಮ್ಮೆಲೇ ಒಡೆಯಲೂ ಬಲ್ಲುದು. ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟರ ಒತ್ತಡವು 1944ರ ಮಾರ್ಚಿಯಲ್ಲಿ 186ಕ್ಕೆ 108 ಇದ್ದಿತು. ಯುದ್ಧವನ್ನು ನಡೆಸುತ್ತ, ಮರುವರ್ಷದ ಫೆಬ್ರವರಿಯಲ್ಲಿ ಯಾಲ್ಟಾದವರೆಗೂ ಅವರು ಪ್ರಯಾಣ ಮಾಡಿದರು. 1945ರ ಏಪ್ರಿಲ್ 12ರಂದು ತಲೆಯ ಹಿಂಬದಿಯಲ್ಲಿ ತೀವ್ರವಾದ ನೋವೆಂದು ನುಡಿದು ಎಚ್ಚರದಪ್ಪಿದರು. ಮಿದುಳಿನ ರಕ್ತಸ್ರಾವದಿಂದ ಅದೇ ಮಧ್ಯಾಹ್ನ ತೀರಿಕೊಂಡರು. ಆಗ ಅವರಿಗೆ 63 ವರ್ಷ. ಲೋಕದ ಅತ್ಯಂತ ಪ್ರಬಲ ವ್ಯಕ್ತಿಯ ವೈದ್ಯರ ಬಳಿ ಒತ್ತಡವನ್ನು ಇಳಿಸುವ ಸಮರ್ಥವಾದ ಔಷಧವಿರಲಿಲ್ಲ. ನಮ್ಮ ಸರ್ಪಗಂಧಿಯ ಬೇರಿಗೆ ಆ ಗುಣವುಂಟೆಂದು ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ 1931ರಲ್ಲಿಯೇ ಬರೆದಿದ್ದರು. ಪಶ್ಚಿಮದವರು ಕಿವಿಗೊಟ್ಟದ್ದು 1949ರಲ್ಲಿ ಮುಂಬಯಿಯ ಡಾಕ್ಟರ್ ರುಸ್ತುಂ ಜಾಲ್ ವಕೀಲರ ಲೇಖನ ಬ್ರಿಟಿಷ್ ಪತ್ರಿಕೆಯೊಂದರಲ್ಲಿ ಬಂದ ಮೇಲೆ.

ಈಗ ಔಷಧಗಳಿಗೆ ಕೊರತೆಯಿಲ್ಲ. ಒತ್ತಡವನ್ನು ಇಳಿಸಿದರೆ ಬುದ್ಧಿಯೂ ಉಳಿಯುವುದೆ? ಐವತ್ತು ಮೀರಿದ 9,000ಕ್ಕೂ ಹೆಚ್ಚು ಅಮೆರಿಕನ್ನರಲ್ಲಿ ಕೆಲವರ ಮೇಲಿನ ಅಂಕೆಯನ್ನು 120ರ ಕೆಳಗೂ ಉಳಿದವರದನ್ನು 140ರ ಕೆಳಗೂ ಇಡಲು ಯತ್ನಿಸಿದ ಪ್ರಯೋಗದ ಫಲ 2019ರಲ್ಲಿ ಹೊರಬಂದಿತು. ಮೊದಲನೆಯ ಗುಂಪಿನಲ್ಲಿ ಮರೆವಿನ ಆರಂಭದ ಹಂತವು ಸುಮಾರು ಐದನೆಯ ಒಂದು ಪಾಲು ಕಡಮೆಯಾಗಿತ್ತು. ಪೂರ್ಣವಾದ ಬುದ್ಧಿನಾಶದ ವಿಷಯದಲ್ಲಿ ಖಚಿತವಾಗಿ ಹೇಳುವಷ್ಟು ಅಂತರ ಕಾಣಲಿಲ್ಲ. ಹೃದಯಕ್ಕಾದ ಲಾಭ ಸ್ಪಷ್ಟವಾದುದರಿಂದ ಚಿಕಿತ್ಸೆಯ ಪ್ರಯೋಗವನ್ನು ಅವಧಿಗೆ ಮೊದಲೇ ನಿಲ್ಲಿಸಿದ್ದರು.

ಅವಸರವೂ ಸಲ್ಲದು. ಮಿದುಳಿನ ನಾಳಗಳು ತಾವಾಗಿ ಹಿಗ್ಗಿ ಕುಗ್ಗಿ ಹರಿವನ್ನು ಸಮನಾಗಿಡುತ್ತವೆ. ಬಹುಕಾಲ ಹೆಚ್ಚಿನ ಒತ್ತಡಕ್ಕೆ ಒಗ್ಗಿದವು ಅದು ಥಟ್ಟನೆ ಇಳಿದರೆ ಸಾಕಷ್ಟು ಹಿಗ್ಗಲಾರವು. ಹೊಸ ಗುಳಿಗೆಯನ್ನು ಆರಂಭಿಸಿದ ವೃದ್ಧರಿಗೆ ಹಾಸಿಗೆಯಿಂದೆದ್ದಾಗ ಕಣ್ಣು ಕತ್ತಲೆಗಟ್ಟಿದರೆ, ಗುಳಿಗೆಯನ್ನು ತಾವಾಗಿ ಬಿಡದೆ ಅದನ್ನು ಆ ದಿನವೇ ವೈದ್ಯರಿಗೆ ತಿಳಿಸತಕ್ಕದ್ದು.