ಗಡಿಯಾರ ಮುಟ್ಟಿದವರು ಯಾರು?

ಕರೆಂಟ್ ಹೋಗಿ ಬಂದ ಮೇಲೆ ಕಂಪ್ಯೂಟರ್ ಎದ್ದಿತು. ತಾರೀಕು ಮಾತ್ರ 2009ಕ್ಕೆ ಹೋಗಿ ಕೂತಿತ್ತು. ಕನಕಪುರದ ಜೆರಾಕ್ಸ್ ಅಂಗಡಿಯೊಂದರಲ್ಲಿ ಪಹಣಿಗೆ ಕಾಯುತ್ತ ನಿಂತಿದ್ದೆ. ಅಷ್ಟು ಹಳೆಯ ತಾರೀಕಿದ್ದರೆ ಬ್ರೌಸರ್ ಹೆಚ್ಚಿನ ಜಾಲತಾಣಗಳನ್ನು ನಂಬುವುದಿಲ್ಲ, ಪುಟವೇ ತೆರೆಯದು. “ಗಡಿಯಾರದ ಸೆಲ್ ಹೋಗೈತೆ ಸಾರ್” ಎಂದ ಅಂಗಡಿ ಹುಡುಗ ಅರ್ಧ ನಿಮಿಷದಲ್ಲಿ ತಾರೀಕು ತಿದ್ದಿದ. ಹಾಗೆ ತಿದ್ದಿದ್ದನ್ನು ಕಂಪ್ಯೂಟರ್ ಸದ್ದಿಲ್ಲದೆ ಬರೆದಿಟ್ಟುಕೊಂಡಿತ್ತು.

ಬರೆದಿಡುವ ಈ ಚಾಳಿ ಕಂಪ್ಯೂಟರಿಗಿಂತ ಹಳೆಯದು. 1908ರ ನೋಂದಣಿ ಕಾಯ್ದೆಯ 52ನೇ ಕಲಂ ಪ್ರಕಾರ, ಪತ್ರ ಹಾಜರುಪಡಿಸಿದ ದಿನವಷ್ಟೇ ಅಲ್ಲ, ಗಂಟೆಯೂ ಪತ್ರದ ಮೇಲೆಯೇ ಬೀಳಬೇಕು. ಬರೆದುಕೊಟ್ಟ ನಾಲ್ಕು ತಿಂಗಳೊಳಗೆ ಹಾಜರುಪಡಿಸಬೇಕೆಂಬ ಗಡುವು ಬೇರೆ. ತಾರೀಕನ್ನು ಅತ್ತಿತ್ತ ಸರಿಸುವ ಆಸೆ ಹುಟ್ಟುವುದೇ ಅಲ್ಲಿ. ದಫ್ತರದಲ್ಲಿ ಅದು ಸುಲಭವಲ್ಲ. ನಂಬರುಗಳು ಒಂದರ ಕೆಳಗೊಂದು ಓಡುತ್ತವೆ. ನಡುವೆ ತೂರಿಸಿದ ಸಾಲು, ಬೇರೆ ಶಾಯಿ ಕಣ್ಣಿಗೆ ಬೀಳುತ್ತದೆ. 2000ದ ಸುಮಾರಿಗೆ ತಾಲ್ಲೂಕು ಕಚೇರಿಗಳಿಗೆ ಭೂದಾಖಲೆಗಳ ಗಣಕ ವ್ಯವಸ್ಥೆ ‘ಭೂಮಿ’ ಬಂದಾಗ, ಖಾತೆ ಬದಲಾವಣೆಗೆ ಮೊದಲು ಬಂದ ಅರ್ಜಿಯೇ ಮೊದಲು ಎಂಬ ಸರದಿಯನ್ನು ತಂತ್ರಾಂಶ ಕಾಯತೊಡಗಿತು. ಮಾಡಿದವರು ಯಾರು ಎಂಬುದಕ್ಕೆ ನೌಕರರ ಬೆರಳಚ್ಚು ಇತ್ತು. ಯಾವಾಗ ಎಂಬುದಕ್ಕೆ? ಯಂತ್ರದ ಗಡಿಯಾರಕ್ಕೆ ಶಾಯಿ ಇಲ್ಲವಲ್ಲ.

ಅಮೆರಿಕದ ರಕ್ಷಣಾ ಇಲಾಖೆ 1985ರಲ್ಲಿ ಹೊರತಂದ, ರಟ್ಟಿನ ಬಣ್ಣದಿಂದ ‘ಆರೆಂಜ್ ಬುಕ್’ ಎನಿಸಿಕೊಂಡ ಕಂಪ್ಯೂಟರ್ ಭದ್ರತಾ ಮಾನದಂಡ, ಆಡಿಟ್ ದಾಖಲೆಯಲ್ಲಿ ಬಳಕೆದಾರನ ಜೊತೆಗೆ ತಾರೀಕು, ಸಮಯ ಇರಲೇಬೇಕೆಂದಿತು. ಗಡಿಯಾರವನ್ನೇ ತಿರುಗಿಸಿದರೆ ಆ ಸಮಯಕ್ಕೇನು ಬೆಲೆ? ಹಾಗಾಗಿ ತಿರುಗಿಸಿದ್ದನ್ನೂ ಬರೆಯುವ ಪದ್ಧತಿ ಬಂತು. ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಈ ಘಟನೆಯ ನಂಬರು 520, ವಿಸ್ಟಾದಿಂದೀಚೆಗೆ 4616. ಲಿನಕ್ಸ್‌ನಲ್ಲಿ ಆಡಿಟ್‌ಡಿ ಎಂಬ ತಂತ್ರಾಂಶಕ್ಕೆ ನಿಯಮ ಬರೆದುಕೊಟ್ಟರೆ ಅದು ಕಾವಲು ಕೂರುತ್ತದೆ. 2022ರ ಏಪ್ರಿಲ್ 28ರಂದು ದೇಶದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ ಹೊರಡಿಸಿದ ನಿರ್ದೇಶನ, ಗಡಿಯಾರಗಳನ್ನು ಸರ್ಕಾರದ ಕಂಪ್ಯೂಟರ್ ಸಂಸ್ಥೆ ಎನ್‌ಐಸಿ ಅಥವಾ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸಮಯಕ್ಕೆ ಹೊಂದಿಸಿ, ಲಾಗ್‌ಗಳನ್ನು 180 ದಿನ ಇಟ್ಟುಕೊಳ್ಳಿ ಎಂದಿತು.

ಪಹಣಿ ಪ್ರಿಂಟ್ ಆಗುವಷ್ಟರಲ್ಲಿ ಹುಡುಗನಿಂದ ಲಾಗ್ ತೋರಿಸುವ ಈವೆಂಟ್ ವ್ಯೂವರ್ ತೆರೆಸಿದೆ. 4616ರ ಸಾಲುಗಳು ಬೇಕಾದಷ್ಟಿದ್ದವು. ಹೆಚ್ಚಿನವುಗಳ ಮುಂದೆ ‘ಲೋಕಲ್ ಸರ್ವಿಸ್’ ಎಂದಿತ್ತು: ಕಂಪ್ಯೂಟರ್ ಇಂಟರ್ನೆಟ್ ನೋಡಿ ತಾನೇ ಸೆಕೆಂಡು ಸರಿಪಡಿಸಿಕೊಂಡದ್ದು. ಇವನ್ನು ಜರಡಿ ಹಿಡಿಯುವುದೇ ಆಡಿಟರ್‌ಗೆ ಅರ್ಧ ಕೆಲಸ. ಕೆಲವದರಲ್ಲಿ ಮಾತ್ರ ಅಂಗಡಿಯ ಖಾತೆಯ ಹೆಸರು. ತೀರ ಈಚಿನದರಲ್ಲಿ ಹಿಂದಿನ ಸಮಯ 2009, ಹೊಸ ಸಮಯ ಇವತ್ತು. ಸೆಲ್ ಕೈಕೊಟ್ಟದ್ದಕ್ಕೆ 4616ರ ಸಾಲೇ ಇಲ್ಲ; ಅದು ವಿಂಡೋಸ್ ಏಳುವ ಮೊದಲೇ ಆದದ್ದು.

“ತಿದ್ದಿದೋನ ಹೆಸರು ಹಾಕೈತಲ್ಲ, ನಾನೇನ್ ಕಳ್ಳನಾ ಸಾರ್?” ಎಂದು ಹುಡುಗ ನಕ್ಕ. ಹದಿನೈದು ದಿನದಿಂದ ಹೀಗೇ ತಿದ್ದುತ್ತಿದ್ದನಂತೆ. ಪಹಣಿ ಕೈಗಿಟ್ಟವನೇ, ಸೆಲ್ ತರಲು ಎದುರಿನ ವಾಚ್ ರಿಪೇರಿ ಅಂಗಡಿಗೆ ಹೊರಟ.